ವಾಹನ ಮತ್ತು ಪಾದಚಾರಿಗಳ ನಡುವಿನ ನಿಸ್ತಂತು ಸಂವಹನ: ಅಧ್ಯಕ್ಷ ಭಾಷಣ

ವಾಹನ–ಪಾದಚಾರಿ ಸಂವಹನದ ತತ್ತ್ವ ಸರಳ. ವಾಹನ ತಾನಿರುವ ಜಾಗ, ವೇಗ, ದಿಕ್ಕುಗಳನ್ನು ಸೆಕೆಂಡಿಗೆ ಸುಮಾರು ಹತ್ತು ಸಲ ರೇಡಿಯೊದಲ್ಲಿ ಸಾರುತ್ತದೆ. ನಡೆಯುವವರ ಬಳಿಯ ಫೋನು ಅಥವಾ ಬೇರೊಂದು ಸಾಧನ ತನ್ನ ಇರವನ್ನು ಸಾರುತ್ತದೆ. ಎರಡೂ ಮಾರ್ಗಗಳು ಒಂದೆಡೆ ಕೂಡುವಂತಿದ್ದರೆ ಎಚ್ಚರಿಕೆ ಹೊರಡುತ್ತದೆ.

ಕ್ಯಾಮೆರಾ ಮತ್ತು ರೇಡಾರ್ ಇರುವಾಗ ಇದೇಕೆ ಬೇಕೆಂಬುದಕ್ಕೆ ನಿಂತ ಬಸ್ಸೇ ಉತ್ತರ. ಬಸ್ಸಿನಿಂದ ಇಳಿದವರು ಅದರ ಮುಂದಿನಿಂದಲೇ ರಸ್ತೆ ದಾಟುತ್ತಾರೆ. ಬಲಗಡೆಯಿಂದ ಮುಂದೆ ಹೋಗುವ ಕಾರಿನ ಚಾಲಕನಿಗೂ ಕ್ಯಾಮೆರಾಕ್ಕೂ ಬಸ್ಸೇ ಅಡ್ಡ. ರೇಡಿಯೊ ಅಲೆ ಮಾತ್ರ ಬಸ್ಸಿನ ಅಡಿಯಿಂದ, ಅಕ್ಕಪಕ್ಕದ ಗೋಡೆಗಳಿಂದ ಪುಟಿದು ಆಚೆಗೆ ತಲುಪಬಲ್ಲದು.

ಆದರೆ ಲೆಕ್ಕ ಬಿಗಿಯಾಗಿದೆ. ಗಂಟೆಗೆ 60 ಕಿ.ಮೀ. ವೇಗದ ಕಾರು ಸೆಕೆಂಡಿಗೆ 16.7 ಮೀಟರ್ ಕ್ರಮಿಸುತ್ತದೆ. ಎಚ್ಚರಿಕೆ ಕೇಳಿ ಬ್ರೇಕ್ ಒತ್ತಲು ಚಾಲಕನಿಗೆ ಒಂದೂವರೆ ಸೆಕೆಂಡ್ ಹಿಡಿದರೆ 25 ಮೀಟರ್ ಅಲ್ಲಿಯೇ ಕಳೆಯಿತು. ಒಣ ಡಾಂಬರಿನ ಮೇಲೆ ನಿಲ್ಲಲು ಇನ್ನೂ ಸುಮಾರು 20 ಮೀಟರ್ ಬೇಕು. ಎರಡೂವರೆ ಮೀಟರ್ ಅಗಲದ ಬಸ್ಸಿನ ಮುಂಭಾಗವನ್ನು ದಾಟಿ ಬಯಲಿಗೆ ಬರಲು ಪಾದಚಾರಿಗೆ ಸುಮಾರು ಎರಡು ಸೆಕೆಂಡ್ ಸಾಕು. ಅಷ್ಟರಲ್ಲಿ ಕಾರು 33 ಮೀಟರ್ ಬಂದಿರುತ್ತದೆ. ಅಂದರೆ ಕಾಲು ರಸ್ತೆಗಿಟ್ಟ ಕ್ಷಣದಲ್ಲೇ ಚಾಲಕನಿಗೆ ಎಚ್ಚರಿಕೆ ಮುಟ್ಟಿದರೂ ಸಾಲದು. ಅದೇ ಸಂದೇಶ ನೇರವಾಗಿ ಬ್ರೇಕಿಗೆ ಹೋದರೆ ಕಾರು ನಿಲ್ಲುತ್ತದೆ. ಕೇವಲ ಗಂಟೆ ಬಾರಿಸುವ ಸಾಧನಕ್ಕೂ ಬ್ರೇಕ್ ಹಿಡಿಯುವ ಸಾಧನಕ್ಕೂ ಇರುವ ಅಂತರವನ್ನು ಮಾರಾಟದ ಕರಪತ್ರಗಳು ಹೇಳುವುದು ಕಡಿಮೆ.

ತರಂಗಾಂತರದ ಇತಿಹಾಸ ಅಷ್ಟೇನೂ ನೇರವಾಗಿಲ್ಲ. ಅಮೆರಿಕ 1999ರಲ್ಲಿ 5.9 ಗಿಗಾಹರ್ಟ್ಸ್ ಪಟ್ಟಿಯಲ್ಲಿ 75 ಮೆಗಾಹರ್ಟ್ಸ್ ಅನ್ನು ಸಾರಿಗೆಗೆ ಮೀಸಲಿಟ್ಟಿತು. ವೈಫೈ ಕುಟುಂಬದ 802.11ಪಿ ಮಾನಕ 2010ರಲ್ಲಿ ಬಂತು. 2013ರಲ್ಲಿ ಹೋಂಡಾ ಈ ಬಗೆಯ ರೇಡಿಯೊ ಇರುವ ಫೋನಿನಿಂದ ಪಾದಚಾರಿಯನ್ನು ಗುರುತಿಸುವ ಪ್ರಾತ್ಯಕ್ಷಿಕೆ ನೀಡಿತು. 2017ರ ಹೊತ್ತಿಗೆ ಮೊಬೈಲ್ ಜಾಲದ ಮಾನಕಗಳಲ್ಲೂ ಟವರಿನ ನೆರವಿಲ್ಲದೆ ಸಾಧನಗಳು ನೇರವಾಗಿ ಮಾತಾಡುವ ವಿಧಾನ ಸೇರಿತು. ಎರಡು ಪದ್ಧತಿಗಳಲ್ಲಿ ಒಂದರ ರೇಡಿಯೊ ಇನ್ನೊಂದಕ್ಕೆ ಅರ್ಥವಾಗದು. 2020ರಲ್ಲಿ ಅಮೆರಿಕವು 45 ಮೆಗಾಹರ್ಟ್ಸ್ ಅನ್ನು ವೈಫೈಗೆ ಬಿಟ್ಟು, ಉಳಿದ 30 ಅನ್ನು ಎರಡನೆಯ ಪದ್ಧತಿಗೆ ಕೊಡಲು ನಿರ್ಧರಿಸಿತು. ಇಪ್ಪತ್ತು ವರ್ಷ ಕಾದಿರಿಸಿದ ಜಾಗ ಬಹುಪಾಲು ಖಾಲಿಯೇ ಉಳಿದಿತ್ತು.

ಈ ಸಮ್ಮೇಳನದ ಗೋಷ್ಠಿಗಳು ಹೆಚ್ಚು ಚರ್ಚಿಸಬೇಕಾದದ್ದು ಜೇಬಿನಲ್ಲಿರುವ ಫೋನಿನ ಮಿತಿಗಳನ್ನು. ಮೊದಲನೆಯದು ಸ್ಥಾನನಿರ್ಣಯ. ತೆರೆದ ಆಕಾಶದ ಕೆಳಗೂ ಸಾಮಾನ್ಯ ಫೋನಿನ ಜಿಪಿಎಸ್ ಸುಮಾರು ಐದು ಮೀಟರ್ ತಪ್ಪಬಹುದು. ಎತ್ತರದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು. ಫುಟ್‌ಪಾತಿನ ಅಗಲ ಎರಡು ಮೀಟರ್ ಇದ್ದರೆ ಅದೇ ದೊಡ್ಡದು. ಹಾಗಾಗಿ ಫುಟ್‌ಪಾತಿನ ಮೇಲೆ ತಮ್ಮ ಪಾಡಿಗೆ ನಡೆಯುವವರೂ ರಸ್ತೆಯ ಮಧ್ಯದಲ್ಲಿದ್ದಂತೆ ತೋರಬಹುದು. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಂಥ ಜಾಗದಲ್ಲಿ ಇಂಥ ಸಾಧನ ಒಂದೇ ಸಮನೆ ಕೂಗುತ್ತಿರುತ್ತದೆ, ಚಾಲಕ ಅದನ್ನು ಆರಿಸಿಬಿಡುತ್ತಾನೆ. ಎರಡು ಆವರ್ತನಗಳನ್ನು ಹಿಡಿಯುವ ಗ್ರಾಹಕಗಳು ಮತ್ತು ಇಸ್ರೋದ ನಾವಿಕ್ ಉಪಗ್ರಹಗಳ ಹೆಚ್ಚುವರಿ ಸಂಕೇತ ಈ ತಪ್ಪನ್ನು ತಗ್ಗಿಸಬಲ್ಲವು, ಇಲ್ಲವಾಗಿಸಲಾರವು.

ಎರಡನೆಯದು ಮನುಷ್ಯನ ಮೈ. 5.9 ಗಿಗಾಹರ್ಟ್ಸ್ ಅಲೆಯನ್ನು ದೇಹ ಚೆನ್ನಾಗಿಯೇ ಹೀರಿಕೊಳ್ಳುತ್ತದೆ. ಹಿಂದಿನ ಜೇಬಿನ ಫೋನು ಎದುರಿನ ಕಾರಿಗೆ ಅರೆಬರೆ ಕೇಳಿಸೀತು. ಮೂರನೆಯದು ಬ್ಯಾಟರಿ. ಇದಕ್ಕೆ ಯುರೋಪಿನ ಮಾನಕ ಒಂದು ಜಾಣ ಉಪಾಯ ಕಂಡುಕೊಂಡಿದೆ: ಒಟ್ಟಾಗಿ ನಡೆಯುವ ಗುಂಪಿನಲ್ಲಿ ಒಂದೇ ಸಾಧನ ಎಲ್ಲರ ಪರವಾಗಿ ಸಾರುತ್ತದೆ, ಉಳಿದವು ಸುಮ್ಮನಿರುತ್ತವೆ. ಇದರಿಂದ ತರಂಗಾಂತರದ ದಟ್ಟಣೆಯೂ ಇಳಿಯುತ್ತದೆ. ಸದಾ ತನ್ನ ಇರವನ್ನು ಸಾರುವ ಸಾಧನದಿಂದ ಏಳುವ ಖಾಸಗಿತನದ ಪ್ರಶ್ನೆಗೆ ಆಗಾಗ ಬದಲಾಗುವ ತಾತ್ಕಾಲಿಕ ಗುರುತುಗಳೇ ಸದ್ಯದ ಪರಿಹಾರ.

ಇವೆಲ್ಲ ಸರಿಹೋದರೂ ಫೋನಿಲ್ಲದವರು ಉಳಿಯುತ್ತಾರೆ. ಶಾಲೆಗೆ ಹೋಗುವ ಮಗು, ಫೋನು ಮನೆಯಲ್ಲೇ ಬಿಟ್ಟು ಹಾಲಿಗೆಂದು ಹೊರಟ ಅಜ್ಜಿ, ಚಾರ್ಜು ಮುಗಿದ ಕೂಲಿಕಾರ—ಇವರು ರೇಡಿಯೊಕ್ಕೆ ಇಲ್ಲವೇ ಇಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ಪಾದಚಾರಿಗಳು. ಸಾಧನ ಇಟ್ಟುಕೊಳ್ಳುವ ಹೊಣೆಯನ್ನು ನಡೆಯುವವರ ಮೇಲೆ ಹೇರುವುದು ನ್ಯಾಯವೂ ಅಲ್ಲ, ಕಾರ್ಯಸಾಧ್ಯವೂ ಅಲ್ಲ.

ಆದ್ದರಿಂದ ರಸ್ತೆಬದಿಯ ಘಟಕಕ್ಕೆ ಮೊದಲ ಸ್ಥಾನ ಸಲ್ಲಬೇಕು. ಜಂಕ್ಷನ್ನಿನ ಕಂಬದ ಮೇಲಿನ ಸಂವೇದಕ ನಡೆಯುವವರನ್ನು ತಾನೇ ಕಂಡು, ಅವರ ಪರವಾಗಿ ವಾಹನಗಳಿಗೆ ತಿಳಿಸುತ್ತದೆ. ಜಪಾನಿನಲ್ಲಿ 760 ಮೆಗಾಹರ್ಟ್ಸ್ ಬಳಸುವ ಇಂಥ ವ್ಯವಸ್ಥೆ 2015ರಿಂದ ಟೊಯೋಟಾ ಕಾರುಗಳಲ್ಲಿ ಇದೆ. ಬಲಕ್ಕೆ ತಿರುಗುವ ಚಾಲಕನಿಗೆ ಅಡ್ಡಬರುವ ಪಾದಚಾರಿಯ ಸುಳಿವು ಸಿಗುತ್ತದೆ. ಕೆಳಗಿನ ಆವರ್ತನವಾದ್ದರಿಂದ ಮೂಲೆ ತಿರುಗಿ ತಲುಪುವ ಗುಣವೂ ಹೆಚ್ಚು. ಇದರ ಕೊರತೆ ವೆಚ್ಚ ಮತ್ತು ವ್ಯಾಪ್ತಿ: ಘಟಕವಿರುವ ಜಂಕ್ಷನ್ ಬಿಟ್ಟರೆ ಬೇರೆಡೆ ರಕ್ಷಣೆಯಿಲ್ಲ. ಹೆಚ್ಚು ಜನ ಸಾಯುವ ತಾಣಗಳನ್ನು ಪೊಲೀಸ್ ದಾಖಲೆಗಳಿಂದ ಆರಿಸಿ, ಬಸ್ ನಿಲ್ದಾಣ ಮತ್ತು ಶಾಲೆಗಳ ಮುಂದಿನಿಂದ ಆರಂಭಿಸುವುದು ವಿವೇಕ.

ಕಾರುಗಳಿಗೆ ಮಾತ್ರ ಸೀಮಿತವಾದ ಯೋಜನೆ ಭಾರತಕ್ಕೆ ಅರೆಬರೆಯಾದೀತು. ಹೆಚ್ಚಿನ ಬೈಕು, ಸ್ಕೂಟರು, ಆಟೊಗಳಲ್ಲಿ ಇದಕ್ಕೆ ತಕ್ಕ ಪರದೆಯೂ ಇಲ್ಲ, ತಾನಾಗಿ ಹಿಡಿಯುವ ಬ್ರೇಕೂ ಇಲ್ಲ. ಹೆಲ್ಮೆಟ್ಟಿನೊಳಗೆ ಸದ್ದು ಕೇಳಿಸುವುದೂ ಕಷ್ಟ. ಹ್ಯಾಂಡಲ್ ಕಂಪಿಸುವಂತೆ ಮಾಡುವುದು ಒಂದು ದಾರಿ. ಗುಂಡಿಬಿದ್ದ ರಸ್ತೆಯಲ್ಲಿ ಸವಾರನಿಗೆ ಆ ಕಂಪನ ಪ್ರತ್ಯೇಕವಾಗಿ ಗೊತ್ತಾಗುತ್ತದೆಯೇ ಎಂಬುದನ್ನು ರಸ್ತೆಯ ಮೇಲೆಯೇ ಪರೀಕ್ಷಿಸಬೇಕು.