ಕಾಲೇಜು ಬದಲಿಸುವ ಮುನ್ನ

(ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಎಂಟನೇ ತರಗತಿಯಲ್ಲಿ ಆಗಸ್ಟ್ 15ರಂದು ಬಾಯಿಪಾಠ ಮಾಡಿದ್ದ ಭಾಷಣ ನಡುವೆ ಮರೆತು, 'ಜೈ ಹಿಂದ್' ಅಂತ ಹೇಳಿ ಇದೇ ಕಟ್ಟೆಯಿಂದ ಇಳಿದು ಓಡಿದವನು ನಾನು. ಆದ್ದರಿಂದ ಇವತ್ತು ನನಗೆ ಚೆನ್ನಾಗಿ ಗೊತ್ತಿರುವ ಒಂದೇ ಒಂದು ವಿಷಯ ಮಾತಾಡಿ ಮುಗಿಸುತ್ತೇನೆ.

ಕೆಲವು ವರ್ಷಗಳಿಂದ ಊರಿನ ಹುಡುಗರಿಂದ ನನಗೆ ಒಂದೇ ತರದ ಫೋನ್ ಬರುತ್ತಿದೆ. "ಅಣ್ಣ, ಈ ಕಾಲೇಜು ಸರಿಯಿಲ್ಲ. ಬೇರೆ ಕಡೆ ಟ್ರಾನ್ಸ್‌ಫರ್ ತಗೊಳ್ಳಲಾ?" ಕೇಳುವವರಲ್ಲಿ ಹೆಚ್ಚಿನವರು ಬಿ.ಇ. ಮೊದಲ ವರ್ಷದವರು. ಈ ಪ್ರಶ್ನೆಯನ್ನು ನಾನೂ ಕೇಳಿದ್ದೆ. ಅದರ ಕಥೆ ಹೇಳುತ್ತೇನೆ.

2004ರಲ್ಲಿ ಇಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ತಾಲ್ಲೂಕು ಕೇಂದ್ರದಲ್ಲಿ ಪಿಯುಸಿ ಓದಿ, 2006ರಲ್ಲಿ ಸಿಇಟಿ ಬರೆದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇರುವ ಶೇ. 5ರ ಮೀಸಲಾತಿಯಲ್ಲಿ, ಒಂದು ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತು. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣ ಪತ್ರವನ್ನು ನಮ್ಮ ಶಾಲೆಯ ಗುಮಾಸ್ತರು ಸಂಜೆ ಆರರವರೆಗೆ ಕೂತು ಬರೆದು, ಬಿಇಒ ಕಚೇರಿಯ ಮೇಲುಸಹಿಗೂ ತಾವೇ ಕಳಿಸಿಕೊಟ್ಟರು. ಆ ಒಂದು ಹಾಳೆ ಇಲ್ಲದಿದ್ದರೆ ನಾನು ಇಂಜಿನಿಯರ್ ಆಗುತ್ತಿರಲಿಲ್ಲ.

ಮೊದಲ ಸೆಮಿಸ್ಟರ್ ಫಲಿತಾಂಶ ಬಂತು. ಎರಡು ವಿಷಯ ಫೇಲು. ಈ ಶಾಲೆಯಲ್ಲಿ ಮೊದಲ ಮೂವರಲ್ಲಿ ಒಬ್ಬನಾಗಿದ್ದವನಿಗೆ ಅದನ್ನು ಯಾರಿಗೆ ಹೇಳಬೇಕು ಅಂತಲೂ ತಿಳಿಯಲಿಲ್ಲ. ತಪ್ಪೆಲ್ಲ ಕಾಲೇಜಿನದು ಅಂತ ತೀರ್ಮಾನ ಮಾಡಿದೆ. ಪಾಠ ಸರಿಯಿಲ್ಲ, ಲ್ಯಾಬ್ ಸರಿಯಿಲ್ಲ, ಕಂಪನಿಗಳು ಬರುವುದಿಲ್ಲ, ಬೆಂಗಳೂರಿಗೆ ಹೋದರೆ ಎಲ್ಲಾ ಸರಿಹೋಗುತ್ತದೆ. ಅಷ್ಟರಲ್ಲಿ ಒಬ್ಬ ಏಜೆಂಟ್ ಸಿಕ್ಕಿದ. 60,000 ರೂಪಾಯಿ ಕೊಟ್ಟರೆ ಎರಡನೇ ವರ್ಷಕ್ಕೆ ಬೆಂಗಳೂರಿನ ಕಾಲೇಜಿಗೆ ಸೇರಿಸುತ್ತೇನೆ ಅಂದ. ಅಲ್ಲಿನ ರೂಮು, ಊಟದ ಖರ್ಚು ತಿಂಗಳಿಗೆ 3,000 ಬೇರೆ.

ಅಪ್ಪನಿಗೆ ಹೇಳಿದೆ. ಅಪ್ಪ ಬಯ್ಯಲಿಲ್ಲ, ತಲೆ ಎತ್ತಿ ಅಟ್ಟ ನೋಡಿದರು. ಅಟ್ಟದ ಮೇಲೆ ಕೊಬ್ಬರಿಗೆ ಅಂತ ಹಾಕಿದ್ದ ಕಾಯಿ ಇತ್ತು. ಹಾಕಿ ಇನ್ನೂ ನಾಲ್ಕೈದು ತಿಂಗಳಾಗಿತ್ತು. ನಿಮಗೆಲ್ಲ ಗೊತ್ತಿರುವ ಹಾಗೆ, ಕಾಯಿ ಉಂಡೆ ಕೊಬ್ಬರಿಯಾಗಲು ಹೆಚ್ಚು ಕಡಿಮೆ ವರ್ಷ ಬೇಕು. ಮಧ್ಯದಲ್ಲಿ ಇಳಿಸಿದರೆ ಕೊಬ್ಬರಿಯ ಬೆಲೆ ಸಿಗುವುದಿಲ್ಲ. "ಇಳಿಸಿ ಕಾಯಿ ಲೆಕ್ಕದಲ್ಲೇ ಮಾರೋಣ ಬಿಡು ಮಗ, ನಿನ್ನ ಓದು ಕೆಡಬಾರದು" ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಇಲ್ಲಿ ನಮಗೆ ಗಣಿತ ಹೇಳಿಕೊಟ್ಟ ಮೇಷ್ಟ್ರ ಮನೆಗೆ ಹೋದೆ. ಅವರು ಹೋಗು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. "ಫೇಲಾದ ವಿಷಯದ ಪ್ರಶ್ನೆಪತ್ರಿಕೆ ಇದೆಯೇನೋ?" ಅಂದರು. ಕೊಟ್ಟೆ. "ಈ ಪ್ರಶ್ನೆಗೆ ಉತ್ತರ ಕನ್ನಡದಲ್ಲಿ ಹೇಳು" ಅಂದರು. ಹೇಳಿದೆ. ಇನ್ನೊಂದು ಕೇಳಿದರು. ಅದನ್ನೂ ಹೇಳಿದೆ. "ಸರಿ, ಇದನ್ನೇ ಇಂಗ್ಲಿಷಿನಲ್ಲಿ ಬರಿ" ಅಂತ ಹಾಳೆ ಕೊಟ್ಟರು. ಎರಡು ಸಾಲು ಬರೆದು ಕೂತುಬಿಟ್ಟೆ.

"ಬೆಂಗಳೂರಲ್ಲಿ ಪ್ರಶ್ನೆಪತ್ರಿಕೆ ಬೇರೆ ಕೊಡ್ತಾರಾ?" ಅಂತ ಕೇಳಿದರು.

ಬೇರೆ ಕೊಡುವುದಿಲ್ಲ. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, ಶುರುವಾಗುವ ಮೊದಲು ಇಂಜಿನಿಯರಿಂಗ್ ಕಾಲೇಜುಗಳು ಬೆಂಗಳೂರು, ಮೈಸೂರು, ಕರ್ನಾಟಕ, ಗುಲ್ಬರ್ಗಾ ಹೀಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳ ಕೈಕೆಳಗಿದ್ದವು. ಆಮೇಲೆ ವಿಟಿಯು ಪಠ್ಯಕ್ರಮ ನಡೆಸುವ ಕಾಲೇಜುಗಳಿಗೆಲ್ಲ ಒಂದೇ ಸಿಲಬಸ್, ಒಂದೇ ಪರೀಕ್ಷೆ. ಬೀದರಿನ ಹುಡುಗನಿಗೂ ಮಂಗಳೂರಿನ ಹುಡುಗಿಗೂ ಪದವಿ ಪತ್ರ ಬರುವುದು ಬೆಳಗಾವಿಯಿಂದಲೇ. ನಾನು ಕಾಲೇಜು ಬದಲಿಸಿದ್ದರೂ ಆ ಎರಡು ಫೇಲು ವಿಷಯ ನನ್ನ ಹಿಂದೆಯೇ ಬರುತ್ತಿದ್ದವು. ನನಗೆ ಕಷ್ಟವಾಗಿದ್ದು ಇಂಗ್ಲಿಷಿನಲ್ಲಿ ಬರೆಯುವುದು. ಅದನ್ನು 60,000 ಕೊಟ್ಟು ಸರಿಮಾಡಲು ಆಗುತ್ತಿರಲಿಲ್ಲ.

ನಾನು ಹೋಗಲಿಲ್ಲ. ದಿನಕ್ಕೆ ಎರಡು ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯುವುದು, ತಿಂಗಳಿಗೊಮ್ಮೆ ಊರಿಗೆ ಬಂದಾಗ ಮೇಷ್ಟ್ರಿಗೆ ತೋರಿಸುವುದು. ವರ್ಷದೊಳಗೆ ಎರಡೂ ಪಾಸಾದವು. ಅಟ್ಟದ ಕಾಯಿ ಅಟ್ಟದಲ್ಲೇ ಕೊಬ್ಬರಿಯಾಯಿತು.

ಇಲ್ಲಿಗೆ ನಿಲ್ಲಿಸಿದರೆ ಚಪ್ಪಾಳೆ ಹೊಡೆಯುತ್ತೀರಿ. ಆದರೆ ಅದು ಅರ್ಧ ಸತ್ಯವಾಗುತ್ತದೆ. ಹೋಗದೇ ಇದ್ದದ್ದಕ್ಕೆ ನಾನೂ ಬೆಲೆ ಕೊಟ್ಟಿದ್ದೇನೆ. ನಮ್ಮ ಕಾಲೇಜಿಗೆ ಕೊನೆಯ ವರ್ಷ ಬಂದದ್ದು ಎರಡೇ ಕಂಪನಿ. ನನಗೆ ಕೆಲಸ ಸಿಗಲಿಲ್ಲ. 2010ರಲ್ಲಿ ಪದವಿ ಮುಗಿಸಿ, ಬೆಂಗಳೂರಿನಲ್ಲಿ ಗೆಳೆಯನ ರೂಮಿನಲ್ಲಿದ್ದುಕೊಂಡು ಏಳು ತಿಂಗಳು ರೆಸ್ಯೂಮೆ ಹಿಡಿದು ಅಲೆದೆ. ಕೊನೆಗೆ ತಿಂಗಳಿಗೆ 8,000ಕ್ಕೆ ಒಂದು ಸಣ್ಣ ಕಂಪನಿ ಸೇರಿದೆ. ಬೆಂಗಳೂರಿನಲ್ಲೇ ಓದಿದ್ದರೆ ಆ ಏಳು ತಿಂಗಳು ಉಳಿಯುತ್ತಿತ್ತೇನೋ. ಇನ್ನೊಂದು ಮಾತು. ನನ್ನ ಹಾಸ್ಟೆಲ್ ರೂಮಿನ ಗೆಳೆಯ ಎರಡನೇ ವರ್ಷಕ್ಕೆ ಮೈಸೂರಿಗೆ ಬದಲಾಯಿಸಿಕೊಂಡ. ಅವನ ತಂದೆಗೆ ಕಾಯಿಲೆ, ಮನೆ ಹತ್ತಿರ ಇರಲೇಬೇಕಿತ್ತು. ಅವನು ಮಾಡಿದ್ದು ಸರಿ, ಓದಿಯೂ ಮುಂದೆ ಬಂದ. ಹಾಗಾಗಿ ಎಲ್ಲರೂ ಇದ್ದಲ್ಲೇ ಇರಿ ಅಂತ ನಾನು ಹೇಳುವುದಿಲ್ಲ. ಯಾಕೆ ಹೋಗುತ್ತಿದ್ದೇವೆ ಅನ್ನುವುದು ಗೊತ್ತಿರಬೇಕು.

ಈಗ ಫೋನ್ ಮಾಡುವವರಿಗೆ ನಾನು ಹೇಳುವ ನಾಲ್ಕು ಮಾತು.

ಒಂದು, ಈಗಿನ ತೊಂದರೆ ಹೊಸ ಕಾಲೇಜಿಗೂ ಜೊತೆಗೆ ಬರುವಂಥದ್ದೋ, ಇಲ್ಲೇ ಉಳಿಯುವಂಥದ್ದೋ ಬರೆದು ನೋಡಿ. ಭಾಷೆ, ಓದುವ ಅಭ್ಯಾಸ, ಫೇಲಾದ ವಿಷಯ ಜೊತೆಗೇ ಬರುತ್ತವೆ. ಬ್ರಾಂಚು ಇಷ್ಟವಿಲ್ಲದಿದ್ದರೆ ಕಾಲೇಜು ಬದಲಿಸಿ ಪ್ರಯೋಜನವಿಲ್ಲ, ಬ್ರಾಂಚ್ ಬದಲಾವಣೆಯನ್ನೇ ಕೇಳಿ. ಆದರೆ ರ‍್ಯಾಗಿಂಗ್, ಕಿರುಕುಳ ಇದ್ದರೆ ಒಂದು ದಿನವೂ ಸಹಿಸಬೇಡಿ. ಮನೆಯವರಿಗೆ ಹೇಳಿ, 1800-180-5522ಕ್ಕೆ ಫೋನ್ ಮಾಡಿ.

ಎರಡು, ನಿಯಮ ಓದಿ. ವಿಟಿಯು ಒಳಗೆ ಎರಡನೇ ವರ್ಷದ ಆರಂಭದಲ್ಲಿ ಕಾಲೇಜು ಬದಲಿಸಲು ಅವಕಾಶವಿದೆ. ಆದರೆ ಹೋಗುವ ಕಡೆ ಸೀಟು ಖಾಲಿ ಇರಬೇಕು, ಎರಡೂ ಕಾಲೇಜು ಒಪ್ಪಬೇಕು, ವಿಶ್ವವಿದ್ಯಾಲಯದ ಅನುಮೋದನೆ ಬೇಕು. ಆ ವರ್ಷದ ಸುತ್ತೋಲೆಯನ್ನೇ ನೋಡಿ, ಏಜೆಂಟ್ ಮಾತು ನಂಬಬೇಡಿ. ಈಗ ಅನೇಕ ಕಾಲೇಜುಗಳು ಸ್ವಾಯತ್ತವಾಗಿವೆ. ಅವುಗಳ ಸಿಲಬಸ್ಸೂ ಪರೀಕ್ಷೆಯೂ ಬೇರೆ. ಹೊಂದದ ವಿಷಯಗಳನ್ನು ಹೆಚ್ಚುವರಿಯಾಗಿ ಬರೆಯಬೇಕಾಗಬಹುದು. ವಿಶ್ವವಿದ್ಯಾಲಯವನ್ನೇ ಬದಲಿಸುವುದಾದರೆ ಇನ್ನೂ ಎಚ್ಚರ ಬೇಕು. 2021ರಿಂದ ಅಂಕಗಳ ಬದಲು ಕ್ರೆಡಿಟ್ ಜಮಾ ಮಾಡಿಡುವ ಅಕಾಡೆಮಿಕ್ ಬ್ಯಾಂಕ್ ವ್ಯವಸ್ಥೆ ಬಂದಿದೆ ನಿಜ. ಆದರೆ ಯಾವ ಕ್ರೆಡಿಟ್ ಒಪ್ಪುತ್ತೇವೆ, ಸೀಟು ಕೊಡುತ್ತೇವೋ ಇಲ್ಲವೋ ಅನ್ನುವುದನ್ನು ಸೇರಿಸಿಕೊಳ್ಳುವವರಿಂದಲೇ ಲಿಖಿತವಾಗಿ ಪಡೆಯಿರಿ. ಇಲ್ಲವಾದರೆ ಒಂದು ವರ್ಷ ಹೋಗುತ್ತದೆ.

ಮೂರು, ಉಳಿದ ವರ್ಷಗಳ ಪೂರ್ತಿ ಖರ್ಚು ಲೆಕ್ಕ ಹಾಕಿ. ಸರ್ಕಾರಿ ಕೋಟಾದ ಶುಲ್ಕವೇ ಮುಂದುವರಿಯುತ್ತದೆಯೇ, ವಿದ್ಯಾರ್ಥಿವೇತನ ಬರುತ್ತದೆಯೇ, ಹಾಸ್ಟೆಲ್ ಸಿಗುತ್ತದೆಯೇ ಅಂತ ಕೇಳಿ. ಮೂಲ ಅಂಕಪಟ್ಟಿಗಳನ್ನು ಸಂಸ್ಥೆಗಳು ಹಿಡಿದಿಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಅದನ್ನು ಕೇಳಲು ಹೆದರಬೇಡಿ.

ನಾಲ್ಕು, ಹೋಗುವ ಕಾಲೇಜನ್ನು ಹೋಗಿ ನೋಡಿ. ಗೇಟು, ಕಟ್ಟಡ ನೋಡಿ ಬರಬೇಡಿ, ನಿಮ್ಮದೇ ಬ್ರಾಂಚಿನ ಮೂರನೇ ವರ್ಷದ ಹುಡುಗರನ್ನು ಮಾತಾಡಿಸಿ. ನ್ಯಾಕ್ ಗ್ರೇಡು ಇಡೀ ಸಂಸ್ಥೆಗೆ ಸಿಗುವಂಥದ್ದು, ಎನ್‌ಬಿಎ ಮಾನ್ಯತೆ ಒಂದೊಂದು ಕೋರ್ಸಿಗೆ. ನಿಮ್ಮ ಬ್ರಾಂಚಿಗೆ ಅದು ಇದೆಯೇ ನೋಡಿ.

ತಂದೆತಾಯಂದಿರಲ್ಲಿ ಒಂದು ಮಾತು. ಕನ್ನಡ ಮಾಧ್ಯಮದಿಂದ ಹೋದ ಮಗು ಮೊದಲ ಸೆಮಿಸ್ಟರಿನಲ್ಲಿ ಎಡವಿದರೆ ದಡ್ಡ ಅಂತ ಅಂದುಕೊಳ್ಳಬೇಡಿ, ಆತುರಕ್ಕೆ ಒಡವೆಯನ್ನೂ ಅಡ ಇಡಬೇಡಿ. ಸ್ವಲ್ಪ ಸಮಯ ಕೊಡಿ, ಜೊತೆಗೆ ಗೊತ್ತಿರುವವರ ಹತ್ತಿರ ಕಳಿಸಿ.

ಆ ಗೊತ್ತಿರುವವರು ನಾವೇ ಆಗಬೇಕು ಅಂತ ನಮ್ಮ 2004ರ ಬ್ಯಾಚಿನ ಆರು ಜನ ಮಾತಾಡಿಕೊಂಡಿದ್ದೇವೆ. ಸಿಇಟಿ ಫಲಿತಾಂಶ ಬಂದ ಮೇಲಿನ ಎರಡು ಶನಿವಾರ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಇದೇ ಶಾಲೆಯಲ್ಲಿ ಕೂರುತ್ತೇವೆ. ಕಾಲೇಜುಗಳ ಆಯ್ಕೆಪಟ್ಟಿ ತುಂಬಲು ಮಕ್ಕಳಿಗೆ ನೆರವಾಗುತ್ತೇವೆ. ಮೊದಲೇ ನೋಡಿ ಸೇರಿದರೆ ಬದಲಿಸುವ ಪ್ರಶ್ನೆ ಅರ್ಧಕ್ಕರ್ಧ ಬರುವುದಿಲ್ಲ. ಮೊದಲ ಸೆಮಿಸ್ಟರಿನ ರಜೆಯಲ್ಲೂ ಒಂದು ದಿನ ಬರುತ್ತೇವೆ. ಫೇಲಾದವರು ನಾಚಿಕೆಪಡದೆ ಪ್ರಶ್ನೆಪತ್ರಿಕೆ ತೆಗೆದುಕೊಂಡು ಬನ್ನಿ.

ಮೇಷ್ಟ್ರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವತ್ತು ನನ್ನಿಂದ ಬರೆಸಿದ ಆ ಎರಡು ಸಾಲಿನ ಹಾಳೆ ನನ್ನ ಹತ್ತಿರ ಈಗಲೂ ಇದೆ ಸಾರ್.

 ಈ ಸಲ ಭಾಷಣ ಮರೆಯಲಿಲ್ಲ. ಜೈ ಹಿಂದ್, ಜೈ ಕರ್ನಾಟಕ.