ಆಟವೂ ಒಂದು ದುಡಿಮೆ
(ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾವು ಸರ್ಬಿಯಾ ದೇಶದ ಒಬ್ಬ ಟೆನ್ನಿಸ್ ಆಟಗಾರರ ವಿಷಯವಾಗಿ ಮಾತನಾಡಬೇಕೆಂದಿದ್ದೇವೆ. ಅವರ ಹೆಸರು ನೊವಾಕ್ ಜೊಕೊವಿಚ್. ಟೆನ್ನಿಸ್ ಸಿರಿವಂತರ ಆಟ, ಎಲೆ ಕೀಳುವ ಕೈಗಳಿಗೂ ಅದಕ್ಕೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಸಂಬಂಧವಿದೆ. ಆಟವನ್ನೇ ನಂಬಿ ಬದುಕುವವನಿಗೆ ಆಟವೇ ದುಡಿಮೆ. ಆ ದುಡಿಮೆಗೆ ಕೂಲಿ ಎಷ್ಟು, ಅದನ್ನು ಗೊತ್ತುಮಾಡುವವರು ಯಾರು, ಗೊತ್ತುಮಾಡುವಾಗ ದುಡಿಯುವವನ ಮಾತು ನಡೆಯುತ್ತದೆಯೇ ಎಂಬ ಪ್ರಶ್ನೆಗಳು ಅಲ್ಲಿಯೂ ಇವೆ.

ನೊವಾಕ್ ಹುಟ್ಟಿದ್ದು 1987ರ ಮೇ 22ರಂದು, ಬೆಲ್‌ಗ್ರೇಡ್ ನಗರದಲ್ಲಿ. ಆಗ ಸರ್ಬಿಯಾ ಪ್ರತ್ಯೇಕ ದೇಶವಾಗಿರಲಿಲ್ಲ, ಯುಗೊಸ್ಲಾವಿಯಾದ ಒಂದು ಭಾಗವಾಗಿತ್ತು. ತಂದೆ ಸರ್ಜಾನ್, ತಾಯಿ ಡಿಯಾನಾ. ಅವರು ಕೊಪಾವೊನಿಕ್ ಎಂಬ ಬೆಟ್ಟದ ಮೇಲೆ ಪ್ರವಾಸಿಗಳಿಗಾಗಿ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದರು. ಹೋಟೆಲಿನ ಎದುರಿಗೇ ಟೆನ್ನಿಸ್ ಅಂಗಳಗಳಿದ್ದವು. 1993ರಲ್ಲಿ ಯೆಲೆನಾ ಗೆಂಚಿಚ್ ಎಂಬ ಶಿಕ್ಷಕಿ ಅಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದಾಗ, ಆರು ವರ್ಷದ ಹುಡುಗನೊಬ್ಬ ಬೇಲಿಯ ಆಚೆ ನಿಂತು ನೋಡುತ್ತಿದ್ದುದನ್ನು ಕಂಡು ಒಳಗೆ ಕರೆದರು. ಮರುದಿನ ಆ ಹುಡುಗ ಬ್ಯಾಟು, ಟವಲು, ನೀರಿನ ಬಾಟಲಿ, ಬಾಳೆಹಣ್ಣು ಎಲ್ಲವನ್ನೂ ಚೀಲದಲ್ಲಿ ನೀಟಾಗಿ ಜೋಡಿಸಿಕೊಂಡು ಬಂದ. ಇದನ್ನು ಯಾರು ಜೋಡಿಸಿದರು ಎಂದು ಕೇಳಿದರೆ, ನಾನೇ ಎಂದ. ಮೋನಿಕಾ ಸೆಲೆಸ್‌ರಂಥ ಆಟಗಾರ್ತಿಯನ್ನು ಬೆಳೆಸಿದ್ದ ಆ ಗುರು, ಸೆಲೆಸ್‌ರ ಬಳಿಕ ಇಂಥ ಪ್ರತಿಭೆಯನ್ನು ಕಂಡಿಲ್ಲವೆಂದು ತಂದೆತಾಯಿಗಳಿಗೆ ಹೇಳಿದರು.

1999ರ ಮಾರ್ಚಿಯಿಂದ ಜೂನ್ ತನಕ 78 ದಿನ ನ್ಯಾಟೋ ವಿಮಾನಗಳು ಆ ದೇಶದ ಮೇಲೆ ಬಾಂಬು ಹಾಕಿದವು. ರಾತ್ರಿಯಾದರೆ ಅಜ್ಜನ ಮನೆಯ ಕಟ್ಟಡದ ನೆಲಮಾಳಿಗೆ, ಹಗಲಾದರೆ ಅಭ್ಯಾಸ. ಹಿಂದಿನ ದಿನ ಬಾಂಬು ಬಿದ್ದ ಕಡೆಗೆ ಮತ್ತೆ ಬೀಳಲಾರದೆಂದು ಲೆಕ್ಕ ಹಾಕಿ, ಅಂಥ ಜಾಗವನ್ನೇ ಹುಡುಕಿ ಆಡುತ್ತಿದ್ದೆವೆಂದು ಅವರೇ ಮುಂದೆ ಹೇಳಿದ್ದಾರೆ. ಅದೇ ವರ್ಷ, ಹನ್ನೆರಡು ತುಂಬಿದ ಹುಡುಗನನ್ನು ಜರ್ಮನಿಯ ಮ್ಯೂನಿಕ್ ಬಳಿಯಿದ್ದ ನಿಕಿ ಪಿಲಿಚ್ ಎಂಬವರ ಶಾಲೆಗೆ ಕಳುಹಿಸಿದರು.

ಇದಕ್ಕೆ ಹಣ ಬಂದದ್ದೆಲ್ಲಿಂದ? ಸಾಲದಿಂದ. ತಂದೆ ಹೆಚ್ಚು ಬಡ್ಡಿಗೆ ಸಾಲ ತಂದರು. ಒಂದು ದಿನ ಅವರು ಹತ್ತು ಜರ್ಮನ್ ಮಾರ್ಕಿನ ನೋಟನ್ನು ಮೇಜಿನ ಮೇಲಿಟ್ಟು, ನಮ್ಮಲ್ಲಿ ಉಳಿದಿರುವುದು ಇಷ್ಟೇ ಎಂದು ಮನೆಯವರಿಗೆ ಹೇಳಿದ್ದನ್ನು ನೊವಾಕ್ ನೆನೆಸಿಕೊಂಡಿದ್ದಾರೆ. ಮನೆಯಲ್ಲಿ ಇನ್ನಿಬ್ಬರು ಚಿಕ್ಕ ಗಂಡುಮಕ್ಕಳೂ ಇದ್ದರು. ಬಡ್ಡಿಯ ಭಾರ ಏನೆಂದು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ಈ ಮನೆಯ ಸಾಲ ತೀರಿತು. ಹಾಗೆ ಸಾಲ ಮಾಡಿಯೂ ಮಗು ಮೇಲೆ ಬಾರದೆ ಹೋದ ಮನೆಗಳ ಕಥೆಯನ್ನು ಯಾವ ಪತ್ರಿಕೆಯೂ ಬರೆಯುವುದಿಲ್ಲ.

2003ರಲ್ಲಿ ಅವರು ವೃತ್ತಿ ಆಟಗಾರರಾದರು. ಟೆನ್ನಿಸಿನಲ್ಲಿ ವರ್ಷಕ್ಕೆ ನಾಲ್ಕು ದೊಡ್ಡ ಪಂದ್ಯಾವಳಿಗಳು ನಡೆಯುತ್ತವೆ. ಅವಕ್ಕೆ ಗ್ರಾಂಡ್ ಸ್ಲಾಮ್ ಎನ್ನುತ್ತಾರೆ. 2008ರಲ್ಲಿ ಆಸ್ಟ್ರೇಲಿಯಾದಲ್ಲಿ ಅವರು ಮೊದಲನೆಯದನ್ನು ಗೆದ್ದರು. ಆ ಬಳಿಕ ಕೆಲವು ವರ್ಷ ದೀರ್ಘ ಆಟಗಳಲ್ಲಿ ಉಸಿರು ಕಟ್ಟಿ ಸೋಲುತ್ತಿದ್ದರು. 2010ರಲ್ಲಿ ಗೋಧಿಯ ಆಹಾರವನ್ನು ಬಿಟ್ಟು ಊಟದ ಕ್ರಮವನ್ನೇ ಬದಲಾಯಿಸಿದರು. ಅದೇ ವರ್ಷ ಸರ್ಬಿಯಾ ತಂಡ ಡೇವಿಸ್ ಕಪ್ ಗೆದ್ದಾಗ ಅದರಲ್ಲಿದ್ದರು. ಆ ಹೊತ್ತಿನಿಂದ ಸತತವಾಗಿ 43 ಆಟಗಳಲ್ಲಿ ಸೋಲನ್ನೇ ಕಾಣದೆ ಮುಂದುವರಿದು, 2011ರ ಜುಲೈ 4ರಂದು ಲೋಕದ ಮೊದಲನೆಯ ಸ್ಥಾನಕ್ಕೇರಿದರು. 2023ರ ಹೊತ್ತಿಗೆ ಗ್ರಾಂಡ್ ಸ್ಲಾಮ್ ಗೆಲುವುಗಳು 24 ಆದವು. ಬೇರಾವ ಗಂಡಸಿಗೂ ಇಷ್ಟು ದೊರೆತಿರಲಿಲ್ಲ. ಮೊದಲನೆಯ ಸ್ಥಾನದಲ್ಲಿ ಒಟ್ಟು 428 ವಾರ ಇದ್ದರು. 2024ರ ಆಗಸ್ಟಿನಲ್ಲಿ, 37ನೆಯ ವಯಸ್ಸಿನಲ್ಲಿ, ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಚಿನ್ನದ ಪದಕ ಪಡೆದರು.

ಅವರು ದೋಷವಿಲ್ಲದ ಮನುಷ್ಯರೆಂದು ನಾವು ಹೇಳುವುದಿಲ್ಲ. 2020ರಲ್ಲಿ ಸಿಟ್ಟಿನಿಂದ ಹೊಡೆದ ಚೆಂಡು ಗೆರೆ ನೋಡುವ ಕೆಲಸದ ಒಬ್ಬ ಹೆಂಗಸಿಗೆ ತಾಗಿ, ಅಮೆರಿಕದ ಪಂದ್ಯಾವಳಿಯಿಂದ ಹೊರಹಾಕಲ್ಪಟ್ಟರು. ಕೋವಿಡ್ ಲಸಿಕೆ ಹಾಕಿಸಿಕೊಳ್ಳದ ಕಾರಣ 2022ರ ಜನವರಿಯಲ್ಲಿ ಆಸ್ಟ್ರೇಲಿಯಾ ಅವರ ವೀಸಾ ರದ್ದುಮಾಡಿ ವಾಪಸು ಕಳುಹಿಸಿತು.

ಈಗ ಕೂಲಿಯ ಮಾತಿಗೆ ಬರೋಣ. ಟೆನ್ನಿಸ್ ಆಟಗಾರನಿಗೆ ಧಣಿಯೆಂಬವನಿಲ್ಲ, ತಿಂಗಳ ಸಂಬಳವಿಲ್ಲ. ತೂಕ ನೋಡಿ ಕೂಲಿ ಕೊಡುವಂತೆ, ಎಷ್ಟು ಸುತ್ತು ಗೆದ್ದನೋ ಅಷ್ಟಕ್ಕೆ ಹಣ. ಪ್ರಯಾಣ, ವಸತಿ, ಶಿಕ್ಷಕನ ಸಂಬಳ ಸಾಮಾನ್ಯವಾಗಿ ಅವನ ಕೈಯಿಂದಲೇ. ಮೊಣಕಾಲು ಊದಿ ಮಲಗಿದರೆ ಆ ವಾರ ಬಹುಮಾನದ ಹಣವಿಲ್ಲ. 2020ರ ಅಮೆರಿಕದ ಪಂದ್ಯಾವಳಿಯಲ್ಲಿ ಗೆದ್ದವನಿಗೆ 30 ಲಕ್ಷ ಡಾಲರು, ಮೊದಲ ಸುತ್ತಿನಲ್ಲಿ ಸೋತವನಿಗೆ 61,000 ಡಾಲರು. ಅದೂ ದೊಡ್ಡ ಮೊತ್ತವೇ. ಆದರೆ ಅಲ್ಲಿ ಗಂಡಸರಿಗಿದ್ದ ಜಾಗ 128 ಮಾತ್ರ. ಅದರೊಳಗೆ ಸೇರಲಾರದವರು ಸಣ್ಣ ಊರುಗಳ ಸಣ್ಣ ಪಂದ್ಯಗಳಲ್ಲಿ ಅಲೆಯುತ್ತಾರೆ. ಗೆದ್ದ ಹಣ ಬಸ್ಸಿಗೂ ಊಟಕ್ಕೂ ಸಾಲದವರು ಅವರಲ್ಲಿ ಅನೇಕರು.

ಇಲ್ಲಿ ನೊವಾಕರ ಗುರು ನಿಕಿ ಪಿಲಿಚ್‌ರನ್ನು ನೆನೆಯಬೇಕು. 1973ರಲ್ಲಿ, ದೇಶದ ಪರವಾಗಿ ಡೇವಿಸ್ ಕಪ್ ಆಡಲಿಲ್ಲವೆಂದು ಯುಗೊಸ್ಲಾವಿಯಾದ ಟೆನ್ನಿಸ್ ಸಂಸ್ಥೆ ಪಿಲಿಚ್‌ರನ್ನು ಅಮಾನತು ಮಾಡಿತು. ಅದರಿಂದಾಗಿ ಅವರಿಗೆ ಇಂಗ್ಲೆಂಡಿನ ವಿಂಬಲ್ಡನ್ ಪಂದ್ಯಾವಳಿಯ ಬಾಗಿಲು ಮುಚ್ಚಿತು. ಆಗ ಆಟಗಾರರಿಗೆ ಹಿಂದಿನ ವರ್ಷವಷ್ಟೇ ಹುಟ್ಟಿದ ಒಂದು ಸಂಘವಿತ್ತು. ಒಬ್ಬನಿಗೆ ಬಾಗಿಲು ಮುಚ್ಚಿದರೆ ನಾವೂ ಒಳಗೆ ಬರುವುದಿಲ್ಲವೆಂದು 81 ಆಟಗಾರರು ಹಿಂದೆ ಸರಿದರು. ಅವರು ಆ ಪಂದ್ಯಾವಳಿಯ ಗಳಿಕೆಯನ್ನೇ ಬಿಟ್ಟುಕೊಟ್ಟರು. ಆದರೆ 1990ರಲ್ಲಿ ಆ ಸಂಘವೇ ಪಂದ್ಯಗಳನ್ನು ನಡೆಸುವ ಸಂಸ್ಥೆಯಾಗಿ ಬದಲಾಯಿತು. ಅದರ ಆಡಳಿತದಲ್ಲಿ ಆಟಗಾರರಿಗೂ ಪಂದ್ಯಾವಳಿಯ ಒಡೆಯರಿಗೂ ಸಮಪಾಲು ಬಂತು. ಕೂಲಿ ಕೊಡುವವರೂ ಕೂಲಿ ಕೇಳುವವರೂ ಒಂದೇ ಪೀಠದಲ್ಲಿ ಕುಳಿತಂತಾಯಿತು.

2020ರ ಆಗಸ್ಟಿನಲ್ಲಿ ನೊವಾಕರೂ ಕೆನಡಾದ ವಾಸೆಕ್ ಪೊಸ್ಪಿಸಿಲ್ ಎಂಬ ಆಟಗಾರರೂ ಸೇರಿ ಆಟಗಾರರದೇ ಒಂದು ಹೊಸ ಸಂಘ ಕಟ್ಟಿದರು. ಕೆಳಗಿನ ಸ್ಥಾನದವರಿಗೂ ಜೀವನ ಸಾಗಬೇಕು, ನಿರ್ಣಯಗಳಲ್ಲಿ ಆಟಗಾರರ ಸ್ವರ ಕೇಳಬೇಕು ಎಂಬುದು ಅವರ ಬೇಡಿಕೆ. ಫೆಡರರ್, ನಡಾಲ್‌ರಂಥ ಹಿರಿಯರು ಇದು ಒಡೆಯುವ ಕಾಲವಲ್ಲವೆಂದು ದೂರ ನಿಂತರು. ಮೊದಲ ಸ್ಥಾನದಲ್ಲಿದ್ದ ನೊವಾಕರಿಗೆ ಸ್ವಂತ ಹೊಟ್ಟೆಗಾಗಿ ಈ ಸಂಘ ಬೇಕಾಗಿರಲಿಲ್ಲ ಎಂಬುದನ್ನು ಗಮನಿಸಿರಿ.

2024ರಿಂದ ಹಳೆಯ ಸಂಸ್ಥೆಯು 250ನೆಯ ಸ್ಥಾನದ ವರೆಗಿನ ಗಂಡಸರಿಗೆ ಕನಿಷ್ಠ ವರಮಾನದ ಭರವಸೆ ಕೊಟ್ಟಿತು: ಮೊದಲ ನೂರು ಮಂದಿಗೆ ವರ್ಷಕ್ಕೆ 3 ಲಕ್ಷ ಡಾಲರು, ಕೊನೆಯ ಸಾಲಿನವರಿಗೆ 75,000. ಗಳಿಕೆ ಕಡಿಮೆಯಾದರೆ ಉಳಿದದ್ದನ್ನು ಸಂಸ್ಥೆ ತುಂಬಿಕೊಡಬೇಕು. 250ರಿಂದ ಕೆಳಗಿನವರು ಆಗಲೂ ಹೊರಗೇ ಉಳಿದರು. 2025ರ ಮಾರ್ಚಿಯಲ್ಲಿ ಹೊಸ ಸಂಘ ನ್ಯೂಯಾರ್ಕಿನಲ್ಲಿ ಮೊಕದ್ದಮೆ ಹೂಡಿತು. ಅದರಲ್ಲಿ ವಾದಿಯಾಗಿ ನೊವಾಕರ ಹೆಸರಿರಲಿಲ್ಲ. ಅದರ ಕೆಲವು ಮಾತುಗಳಿಗೆ ತಮ್ಮ ಒಪ್ಪಿಗೆಯಿದೆ, ಕೆಲವಕ್ಕೆ ಇಲ್ಲ ಎಂದರು. 2026ರ ಜನವರಿಯಲ್ಲಿ, ಆಡಳಿತ ಪಾರದರ್ಶಕವಾಗಿಲ್ಲ ಎಂಬ ಅಸಮಾಧಾನದಿಂದ, ತಾವೇ ಹುಟ್ಟಿಸಿದ ಸಂಘವನ್ನು ಬಿಟ್ಟು ಹೊರಬಂದರು.

ಇದನ್ನು ಕೇಳಿ ಎದೆಗುಂದಬೇಡಿರಿ, ಆದರೆ ಮರೆಯಲೂ ಬೇಡಿರಿ. ದೊಡ್ಡ ಹೆಸರು ಸಂಘಕ್ಕೆ ಬಾಗಿಲು ತೆರೆಯಬಲ್ಲದು. ಸಂಘವನ್ನು ದಿನವೂ ನಡೆಸುವುದು ಚಂದಾ ಕೊಡುವವರು, ಲೆಕ್ಕ ಕೇಳುವವರು, ಸಭೆಗೆ ತಪ್ಪದೆ ಬರುವವರು. 1973ರಲ್ಲಿ ಹಿಂದೆ ಸರಿದ 81 ಮಂದಿಯಲ್ಲಿ ಬಹಳ ಜನರ ಹೆಸರು ಇಂದು ಯಾರಿಗೂ ನೆನಪಿಲ್ಲ. ಆದರೂ ಆಟಗಾರರ ಮಾತಿಗೆ ತೂಕ ಬಂದದ್ದು ಅವರಿಂದ. ನಮ್ಮ ಮಕ್ಕಳಿಗೆ ನೊವಾಕರ 24 ಗೆಲುವುಗಳ ಕಥೆಯನ್ನು ಅವಶ್ಯವಾಗಿ ಹೇಳೋಣ. ಅದರ ಜೊತೆಗೆ ಆ 81 ಜನರ ಕಥೆಯನ್ನೂ ಹೇಳೋಣ.