ಚಿತ್ರಪುಸ್ತಕದಲ್ಲಿ ಧೀರ ಮಹಿಳೆಯರು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳ ಓದಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಚಿಕ್ಕ ವಿಷಯವೊಂದನ್ನು ಆರಿಸಿಕೊಂಡೆ. ಚರಿತ್ರೆಯ ಧೀರ ಮಹಿಳೆಯರ ಬದುಕನ್ನು ಹೇಳುವ ಚಿತ್ರಪುಸ್ತಕಗಳು. ನಾನು ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಕಲಿಸುವವಳು. ಯಾವ ಭಾಷೆಯ ಮಗುವಾದರೂ ಅಕ್ಷರಕ್ಕಿಂತ ಮೊದಲು ಚಿತ್ರವನ್ನೇ ಓದುತ್ತದೆ.

ಕಾರ್ಕಳದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ಅಮರ ಚಿತ್ರ ಕಥೆ ನಿಮಗೆ ಗೊತ್ತು. ಅದರಲ್ಲಿ ರಜಿಯಾ ಸುಲ್ತಾನಾ ಇದ್ದಾಳೆ, ಚಾಂದ್ ಬೀಬಿಯೂ ಇದ್ದಾಳೆ. ಚಾಂದ್ ಬೀಬಿ ವಿಜಯಪುರದ ಒಂದನೇ ಅಲಿ ಆದಿಲ್‌ಶಾಹನ ಬೇಗಂ. 1580ರಲ್ಲಿ ಪತಿ ತೀರಿಕೊಂಡ ಮೇಲೆ ಬಾಲಕ ಇಬ್ರಾಹಿಮನ ಪರವಾಗಿ ರಾಜ್ಯ ನೋಡಿಕೊಂಡಳು. ಮುಂದೆ ತವರಾದ ಅಹ್ಮದ್‌ನಗರವನ್ನು ಅಕ್ಬರನ ಸೈನ್ಯ ಮುತ್ತಿದಾಗ ಕೋಟೆಯಲ್ಲಿ ನಿಂತು ಎದುರಿಸಿದಳು. ಮೊಘಲರು ಸುರಂಗ ಸಿಡಿಸಿ ಗೋಡೆ ಕೆಡವಿದರು. ಬೆಳಗಾಗುವುದರೊಳಗೆ ಆಕೆ ಆ ಗೋಡೆಯನ್ನು ಮತ್ತೆ ಎಬ್ಬಿಸಿದ್ದಳು. 1600ರಲ್ಲಿ, ಶತ್ರುವಿಗೆ ಒಲಿದಿದ್ದಾಳೆಂಬ ವದಂತಿ ನಂಬಿ ಅವಳ ಕಡೆಯವರೇ ಅವಳನ್ನು ಕೊಂದರು.

ಐದನೇ ತರಗತಿಗೆ ಈ ಕಥೆ ಹೇಳಿ, ಹಳೆಯ ದಖನಿ ವರ್ಣಚಿತ್ರವೊಂದನ್ನು ತೋರಿಸಿದೆ. ಕುದುರೆಯ ಮೇಲೆ ಚಾಂದ್ ಬೀಬಿ, ಕೈಯಲ್ಲಿ ಬೇಟೆಯ ಗಿಡುಗ. ಆಕೆ ಸತ್ತು ನೂರು ವರ್ಷದ ನಂತರ ಕಲಾವಿದರು ಊಹಿಸಿ ಬರೆದದ್ದು ಇಂಥ ಚಿತ್ರಗಳು. ನಂತರ ನೀವೂ ಒಬ್ಬ ಧೀರ ಮಹಿಳೆಯನ್ನು ಬರೆಯಿರಿ ಎಂದೆ. ರಜಿಯಾ, ಅಬ್ಬಕ್ಕ, ಚೆನ್ನಮ್ಮ, ಎಲ್ಲರೂ ಕುದುರೆ ಏರಿ ಬಂದರು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಕುದುರೆ ಇಲ್ಲದವರು ಏನು ಮಾಡ್ಬೇಕು?"

ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಅವಳ ಅಕ್ಕ ಆ ವರ್ಷವೇ ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದಳು.

ಕತ್ತಿ, ಕುದುರೆ ಬರೆಯುವುದು ಸುಲಭ, ಪುಸ್ತಕವೂ ಮಾರಾಟವಾಗುತ್ತದೆ. ರಾತ್ರಿಯಿಡೀ ಕಲ್ಲು ಹೊರಿಸಿ ಗೋಡೆ ಕಟ್ಟಿಸಿದ ಪುಟ ನನಗೆ ಹೆಚ್ಚು ಬೇಕು. ಆಕೆ ಚಿನ್ನ ಬೆಳ್ಳಿಯ ನಾಣ್ಯಗಳನ್ನೇ ಫಿರಂಗಿಗೆ ತುಂಬಿ ಹಾರಿಸಿದಳೆಂಬ ದಂತಕಥೆಯನ್ನೂ ಹೇಳಲಿ, ಬೇಡ ಅನ್ನುವುದಿಲ್ಲ. ಆದರೆ ಚಿತ್ರದ ಕೆಳಗೆ "ಎಂದು ಹೇಳುತ್ತಾರೆ" ಎಂಬ ಎರಡು ಪದ ಇರಲಿ. ಮಗು ಕಣ್ಣಲ್ಲಿ ಕಂಡದ್ದನ್ನು ಮರೆಯುವುದಿಲ್ಲ.

ಆ ಹುಡುಗಿಗೆ ಉತ್ತರವಾಗಿ ನಾನು ಬಂಗಾಳದ ಬೇಗಂ ರುಕಯ್ಯಾ ಅವರ ಬಗ್ಗೆ ಹೇಳಿದೆ. 1880ರಲ್ಲಿ ಜನನ, ರಂಗಪುರದ ಬಳಿಯ ಪೈರಾಬಂದ್‌ನಲ್ಲಿ. ಆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಬಂಗಾಳಿ, ಇಂಗ್ಲಿಷ್ ಕಲಿಸುವ ರೂಢಿ ಇರಲಿಲ್ಲ. ಎಲ್ಲರೂ ಮಲಗಿದ ಮೇಲೆ ಅಣ್ಣ ಇಬ್ರಾಹಿಂ ಮೇಣದಬತ್ತಿಯ ಬೆಳಕಿನಲ್ಲಿ ಪಾಠ ಹೇಳಿಕೊಟ್ಟರು. (ಅಣ್ಣಂದಿರೇ, ಇದು ನಿಮಗೆ!) 1909ರಲ್ಲಿ ವಿಧವೆಯಾದ ಆಕೆ ಪತಿಯ ಹೆಸರಿನಲ್ಲಿ ಭಾಗಲ್ಪುರದಲ್ಲಿ ಐದು ಮಕ್ಕಳ ಶಾಲೆ ತೆರೆದರು. ಅಲ್ಲಿ ನಡೆಸಲಾಗದೆ ಕಲ್ಕತ್ತೆಗೆ ಬಂದು, 1911ರ ಮಾರ್ಚ್ 16ರಂದು ಎಂಟು ಮಕ್ಕಳೊಂದಿಗೆ ಮತ್ತೆ ಆರಂಭಿಸಿದರು. ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಕಳಿಸಿರೆಂದು ಕೇಳಿದರು.

ಶಾಲೆಯ ಬಸ್ಸಿನ ಪ್ರಸಂಗವನ್ನು ಆಕೆಯೇ ಬರೆದಿದ್ದಾರೆ. ಪರ್ದಾಕ್ಕಾಗಿ ಬಸ್ಸನ್ನು ಎಷ್ಟು ಮುಚ್ಚಿದ್ದರೆಂದರೆ ಒಳಗೆ ಕತ್ತಲು, ಗಾಳಿಯಿಲ್ಲ. ಮಕ್ಕಳು ವಾಂತಿ ಮಾಡಿಕೊಂಡು ಮೂರ್ಛೆ ಹೋದರು. ಮುಚ್ಚಿಗೆ ತೆಗೆಸಿ ಬಟ್ಟೆಯ ಪರದೆ ಹಾಕಿಸಿದರೆ, ಅದು ಗಾಳಿಗೆ ಹಾರಿ ಮಕ್ಕಳು ಕಾಣಿಸುತ್ತಾರೆಂದು ಬೆದರಿಕೆಯ ಪತ್ರಗಳು ಬಂದವು. ಆಕೆ ಶಾಲೆ ಮುಚ್ಚಲಿಲ್ಲ. 1932ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ಸಖಾವತ್ ಸ್ಮಾರಕ ಶಾಲೆ ಇಂದಿಗೂ ಕೋಲ್ಕತ್ತದಲ್ಲಿದೆ.

ಆಕೆಯ 1905ರ ಕಥೆ 'ಸುಲ್ತಾನಾಳ ಕನಸು' ಗೊಂಡ ಕಲಾವಿದೆ ದುರ್ಗಾಬಾಯಿ ಅವರ ಚಿತ್ರಗಳೊಂದಿಗೆ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ನನ್ನ ಮಕ್ಕಳಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಆದ್ದರಿಂದ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ರುಕಯ್ಯಾರ ಬದುಕನ್ನು ಅವರೇ ಬರೆದರು. ಹನ್ನೆರಡು ಪುಟ, ಮೇಲೆ ಉರ್ದು, ಕೆಳಗೆ ಕನ್ನಡ. ಉರ್ದು ಬಲದಿಂದ, ಕನ್ನಡ ಎಡದಿಂದ ಓದಬೇಕಲ್ಲ, ಪುಟ ಯಾವ ಕಡೆಗೆ ತಿರುಗಿಸಬೇಕೆಂದು ಒಂದು ದಿನ ಪೂರ್ತಿ ಜಗಳವಾಯಿತು!

ಸಂಘದವರಲ್ಲಿ ಒಂದು ವಿನಂತಿ. ಬಹುಮಾನಕ್ಕೆ ಪ್ರತಿ ವರ್ಷ ಸ್ಟೀಲ್ ಡಬ್ಬಿ ಕೊಡುತ್ತೀರಿ. ನನ್ನ ಮನೆಯಲ್ಲೇ ಎರಡಿವೆ. ಮುಂದಿನ ವರ್ಷ ಆ ಹಣದಲ್ಲಿ ಇಂಥ ಒಂದು ಪುಸ್ತಕ ಅಚ್ಚು ಹಾಕಿಸಿ. ಮಕ್ಕಳ ಕೈಬರಹದ ಪ್ರತಿಯನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಪರದೆ ಹಾರುತ್ತಿರುವ ಬಸ್ಸಿನ ಪುಟವನ್ನು ಬರೆದವಳು ಆ ಹಿಂದಿನ ಬೆಂಚಿನ ಹುಡುಗಿ. ಕಿಟಕಿಯಲ್ಲಿ ಅಕ್ಕನನ್ನೂ ಕೂರಿಸಿದ್ದಾಳೆ. ಊಟಕ್ಕೆ ಹೋಗುವ ಮುನ್ನ ಒಮ್ಮೆ ನೋಡಿ.